ಹೊರಗಿನವರಿಗೊಂದು ಕುರ್ಚಿ

1990ರ ದಶಕದಲ್ಲಿ ಐಹೊಳೆಯ ಹುಡುಗನೊಬ್ಬ ತನ್ನೂರ ಮೇಗುತಿ ಗುಡ್ಡದ ಶಾಸನದಲ್ಲಿ ಏನು ಬರೆದಿದೆ ಎಂದು ಸಾಲುಸಾಲಾಗಿ ತಿಳಿಯಬೇಕೆಂದರೆ ಧಾರವಾಡದ ಬಸ್ಸು ಹತ್ತಬೇಕಿತ್ತು. ಶಾಸನ ಕಣ್ಣೆದುರಿಗೇ ಇತ್ತು. ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ್ದು, ಬಸದಿಯ ಗೋಡೆಯ ಮೇಲೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು, ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡದ್ದು ಶಾಲೆಯ ಪಾಠದಲ್ಲೂ ಬರುತ್ತಿತ್ತು. ಆದರೆ ಲಿಪಿ ಹಳೆಯದು, ಭಾಷೆ ಸಂಸ್ಕೃತ. ಅದರ ಪೂರ್ತಿ ಪಾಠವನ್ನು 1870ರ ದಶಕದಲ್ಲಿ ಫ್ಲೀಟ್ ಸಾಹೇಬರು ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಎರಡು ಸಲ ಅಚ್ಚು ಮಾಡಿಸಿದ್ದರು. ಆಮೇಲೆ ಜರ್ಮನಿಯ ಕೀಲ್‌ಹಾರ್ನ್ ಅದನ್ನು ತಿದ್ದಿ ‘ಎಪಿಗ್ರಾಫಿಯಾ ಇಂಡಿಕಾ’ದ 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಸಂಪುಟಗಳು ನಮ್ಮೂರಲ್ಲಿ ಇರಲಿಲ್ಲ. ನಾನು ಬಿ.ಎ. ಓದಿದ ಕಾಲೇಜಿನಲ್ಲೂ ಇರಲಿಲ್ಲ.

ಹಾಗೆ ಬಸ್ಸು ಹತ್ತಿದವರಲ್ಲಿ ನಾನೂ ಒಬ್ಬ. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಯೊಳಗೇ ಇತ್ತು, ನಮ್ಮ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಲ್ಲಿಯ ಗ್ರಂಥಾಲಯಕ್ಕೆ ಪ್ರೊ. ಶಿ. ಶಿ. ಬಸವನಾಳರ ಹೆಸರಿದೆ. ಪ್ರಿನ್ಸಿಪಾಲರಿಂದ ಒಂದು ಪತ್ರ ಬರೆಸಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಚೀಲ ಇಟ್ಟು, ರಿಜಿಸ್ಟರಿನಲ್ಲಿ ಹೆಸರು ಊರು ಬರೆದು ಒಳಗೆ ಹೋದೆ. ಅಟೆಂಡರ್ ಒಬ್ಬರು ಸಂಪುಟ ತಂದು ಮೇಜಿನ ಮೇಲಿಟ್ಟರು. ಶಾಸನದ ಅಚ್ಚಿನ ಪ್ರತಿಯಿದ್ದ ದೊಡ್ಡ ಹಾಳೆಯನ್ನು ಬಿಚ್ಚಿ, ಬೇಕಾದದ್ದನ್ನು ಕೈಯಲ್ಲಿ ನಕಲು ಮಾಡಿಕೊಂಡೆ. ನಾನು ಆ ವಿಭಾಗದ ವಿದ್ಯಾರ್ಥಿಯಲ್ಲ, ಸದಸ್ಯನೂ ಅಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಓದುವುದಕ್ಕೆ ಬಂದವನನ್ನು ಓದಗೊಡುವ ರೂಢಿ ಅಲ್ಲಿತ್ತು. ಪುಸ್ತಕ ಮನೆಗೆ ಒಯ್ಯುವಂತಿಲ್ಲ, ಕೂತು ಓದಬಹುದು, ಅಷ್ಟೇ.

ಆ ರೂಢಿಯ ಬಗ್ಗೆ ಯೋಚಿಸುವ ಕಾರಣ ನನಗೆ ಬಹಳ ತಡವಾಗಿ ಬಂತು. ಮುಂದೆ ಗ್ರಂಥಾಲಯ ವಿಜ್ಞಾನ ಓದಿ ಇದೇ ಜಿಲ್ಲೆಯ ಒಂದು ಅನುದಾನಿತ ಕಾಲೇಜಿಗೆ ಗ್ರಂಥಪಾಲಕನಾಗಿ ಸೇರಿದೆ. ಆಗ ಶತಮಾನ ಮುಗಿಯುತ್ತಿತ್ತು. ಹಳೆಯ ಬಾಗಲಕೋಟೆಯ ಜನ ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಹೋಗುತ್ತಿದ್ದ ಕಾಲ. ಕಾಲೇಜಿನಲ್ಲಿ ಮರದ ಡ್ರಾಯರುಗಳಲ್ಲಿ ಕ್ಯಾಟಲಾಗ್ ಕಾರ್ಡುಗಳು, ವಿದ್ಯಾರ್ಥಿಗಳ ಕೈಯಲ್ಲಿ ರಟ್ಟಿನ ಬಾರೋವರ್ಸ್ ಟಿಕೆಟ್ಟು. ಕಂಪ್ಯೂಟರ್ ಬಂದದ್ದು ಮೊದಲು ಆಫೀಸಿಗೆ, ಪಗಾರದ ಬಿಲ್ಲು ಮಾಡುವುದಕ್ಕೆ. ಗ್ರಂಥಾಲಯಕ್ಕೆ ಬಂದಾಗ ಅದಕ್ಕೊಂದು ಬಟ್ಟೆಯ ಹೊದಿಕೆ ಹೊಲಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ವಿದ್ಯಾರ್ಥಿಗಳು ಮುಟ್ಟಬಾರದು. ಪುಸ್ತಕದ ಹೆಸರುಗಳನ್ನು ಅದರಲ್ಲಿ ತುಂಬುವುದು ನನ್ನ ಕೆಲಸವಾಗಿತ್ತು. ಕನ್ನಡ ಪುಸ್ತಕದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ತುಂಬಬೇಕಿತ್ತು. ಒಂದೇ ಲೇಖಕರ ಹೆಸರು ಮೂರು ನಮೂನೆಯ ಸ್ಪೆಲ್ಲಿಂಗಿನಲ್ಲಿ ಕೂತು, ಹುಡುಕಿದವರಿಗೆ ಅರ್ಧ ಪುಸ್ತಕ ಸಿಗುತ್ತಿರಲಿಲ್ಲ. ಯುಜಿಸಿಯ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ನವರ ‘ಸೋಲ್’ ತಂತ್ರಾಂಶ ಯೂನಿಕೋಡಿಗೆ ಬಂದ ಮೇಲೆ ಆ ಪಟ್ಟಿಯನ್ನು ಕನ್ನಡದಲ್ಲಿ ಮತ್ತೆ ತುಂಬಿದೆವು. ಕೆಲವು ವರ್ಷ ಹಿಡಿದ ಕೆಲಸ ಅದು. ಈಗ ಅದರ ನೆನಪು ಯಾರಿಗೂ ಇಲ್ಲ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ವಿಎಸ್‌ಎನ್‌ಎಲ್ ಶುರು ಮಾಡಿದ್ದು 1995ರ ಆಗಸ್ಟ್ 15ರಂದು. ನಮ್ಮ ಕಡೆಗೆ ಅದು ಬಂದು ಮುಟ್ಟಿದ್ದು ಕೆಲವು ವರ್ಷಗಳ ನಂತರ, ಅದೂ ಟೆಲಿಫೋನ್ ತಂತಿಯ ಮೇಲೆ. ಕಾಲೇಜಿಗಿದ್ದ ಒಂದೇ ಫೋನು ಪ್ರಿನ್ಸಿಪಾಲರ ಕೋಣೆಯಲ್ಲಿತ್ತು. ನೆಟ್ ಹಚ್ಚಿದರೆ ಫೋನು ಬಂದ್, ಫೋನು ಬಂದರೆ ನೆಟ್ ಬಂದ್. ಕರೆಂಟು ಹೋದರೆ ಎರಡೂ ಬಂದ್. ಅದೇ ಹೊತ್ತಿಗೆ ಬಾಗಲಕೋಟೆ, ಇಳಕಲ್ಲಿನಲ್ಲಿ ಸೈಬರ್ ಕೆಫೆಗಳು ತೆರೆದವು. ಶುರುವಿನಲ್ಲಿ ಗಂಟೆಗೆ 30 ರೂಪಾಯಿ ಕೊಟ್ಟು ಕೂತದ್ದು ನೆನಪಿದೆ. ಒಂದು ದಿನದ ಕೂಲಿ ಅದಕ್ಕಿಂತ ಬಹಳ ಹೆಚ್ಚಿರಲಿಲ್ಲ.

ಕಾಲೇಜುಗಳಿಗೆ ಇಂಟರ್‌ನೆಟ್ ನಿಜವಾಗಿ ಬಂದದ್ದು ಯುಜಿಸಿಯ ದುಡ್ಡಿನಿಂದ. ‘ನೆಟ್‌ವರ್ಕ್ ರಿಸೋರ್ಸ್ ಸೆಂಟರ್’ ಎಂಬ ಯೋಜನೆಯಲ್ಲಿ ನಮಗೂ ಕೆಲವು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯುಪಿಎಸ್ ಬಂದವು. ಬೋರ್ಡು ಬರೆಸಿ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇಟ್ಟೆವು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. 2009ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಮಿಷನ್ನಿನ ಅಡಿ ಕಾಲೇಜುಗಳಿಗೆ 512 ಕೆಬಿಪಿಎಸ್ ವೇಗದ ಸಂಪರ್ಕ ಕೊಡುವ ಯೋಜನೆ ಬಂತು, ಖರ್ಚಿನ ಮುಕ್ಕಾಲು ಪಾಲು ಕೇಂದ್ರದ್ದು. ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಅಂದು ಆ ಕೋಣೆ ನಮ್ಮ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಚ್ಚು ವೇಗದ ಇಂಟರ್‌ನೆಟ್ ಇದ್ದ ಜಾಗ.

ಸುದ್ದಿ ಹಬ್ಬಿತು, ಹೊರಗಿನವರು ಬಂದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಹುಡುಗರು ಕೆಪಿಎಸ್‌ಸಿ ಅರ್ಜಿಗೆ ಬಂದರು. ಇಳಕಲ್ಲಿನ ನೇಕಾರ ಕುಟುಂಬದ ಹೆಣ್ಣುಮಗಳೊಬ್ಬಳು ಬಿ.ಎಡ್. ಕೌನ್ಸೆಲಿಂಗಿನ ಪಟ್ಟಿಯಲ್ಲಿ ತನ್ನ ಹೆಸರು ನೋಡಲು ಅಣ್ಣನ ಜೊತೆ ಬಂದಳು. ದಾಳಿಂಬೆಗೆ ದುಂಡಾಣು ರೋಗ ಬಿದ್ದ ವರ್ಷ ಒಬ್ಬ ರೈತರು ಬಂದು, ‘ಸರ, ಇದಕ್ಕ ಏನರ ಎಣ್ಣಿ ಐತೇನು ನೋಡ್ರಿ ಅದರಾಗ’ ಎಂದರು. ನೋಡಿದೆವು. ಕನ್ನಡದಲ್ಲಿ ಏನೂ ಸಿಗಲಿಲ್ಲ. ಆಗ ಕನ್ನಡದ ಬಹುಪಾಲು ಬರಹ ‘ನುಡಿ’, ‘ಬರಹ’ದಂಥ ತಂತ್ರಾಂಶಗಳ ಅಕ್ಷರದಲ್ಲಿದ್ದು ಹುಡುಕಾಟಕ್ಕೆ ಸಿಕ್ಕುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ ಸಿಕ್ಕಿತು, ಜೀವಶಾಸ್ತ್ರದ ಮೇಷ್ಟ್ರು ಅದನ್ನು ಓದಿ ಹೇಳಿದರು. ಮುದ್ರಿಸಿದ ಹಾಳೆಯನ್ನು ರೈತರು ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಒಂದೆರಡು ವರ್ಷ ಹೀಗೇ ನಡೆಯಿತು, ಯಾವ ನಿಯಮವೂ ಇಲ್ಲದೆ. ನನ್ನ ವೃತ್ತಿಯಲ್ಲಿ ನಾನು ಅತ್ಯಂತ ಉಪಯೋಗಕ್ಕೆ ಬಂದ ಕಾಲ ಅದು ಎಂದು ಈಗಲೂ ತಿಳಿದಿದ್ದೇನೆ.

ಅದು ನಿಂತದ್ದಕ್ಕೆ ಕಾರಣ ಕೆಟ್ಟ ಮನಸ್ಸಲ್ಲ, ಭಯ. ಸೈಬರ್ ಕೆಫೆಗೆ ಬಂದವರ ಗುರುತಿನ ಚೀಟಿ ನೋಡಿ ಬರೆದಿಡಬೇಕೆಂದು ಕರ್ನಾಟಕ 2004ರಲ್ಲೇ ನಿಯಮ ಮಾಡಿತ್ತು. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಸ್ವಲ್ಪ ಮುಂಚೆ ಬೆದರಿಕೆಯ ಇ-ಮೇಲ್ ಹೋದದ್ದು ನವಿ ಮುಂಬೈಯ ಒಂದು ಮನೆಯ ವೈಫೈ ಮೂಲಕ. ಮನೆಯವರಿಗೆ ಏನೂ ಗೊತ್ತಿರಲಿಲ್ಲ, ಆದರೂ ಪೊಲೀಸರು ಅವರ ಬಾಗಿಲಿಗೇ ಬಂದರು. ಆ ಸುದ್ದಿಯ ನಂತರ ದೇಶದ ಎಷ್ಟೋ ಸಂಸ್ಥೆಗಳು ತಮ್ಮ ನೆಟ್ಟಿಗೆ ಬೀಗ ಹಾಕಿದವು. ಕೆಲವು ಕಾಲದ ಮೇಲೆ ನಮ್ಮಲ್ಲೂ ಸಭೆ ಕರೆದರು. ‘ಹೊರಗಿನವ್ರು ಯಾರೋ ಏನೋ ಕಳಿಸಿದ್ರ ಉತ್ತರ ಕೊಡೋರು ಯಾರ್ರೀ?’ ಎಂಬ ಪ್ರಶ್ನೆ ಬಂತು. ಪ್ರಶ್ನೆ ಸರಿಯಾದದ್ದೇ. ಹೊರಗಿನವರ ಗುರುತು ಬರೆದುಕೊಂಡು, ಅವರಿಗೆ ಬೇರೆ ಲಾಗಿನ್ ಕೊಟ್ಟು, ಯಾವ ಯಂತ್ರದಲ್ಲಿ ಯಾವ ಹೊತ್ತಿನಲ್ಲಿ ಕೂತರು ಎಂದು ಇಟ್ಟುಕೊಂಡರೆ ಆ ಪ್ರಶ್ನೆಗೆ ಉತ್ತರವಿತ್ತು. ಅದಕ್ಕೆ ಒಬ್ಬ ಸಿಬ್ಬಂದಿ ಬೇಕಿತ್ತು. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಇರುವಾಗ ಆ ಒಬ್ಬನನ್ನು ಎಲ್ಲಿಂದ ತರುವುದು? ‘ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡು ಬಂತು.

2010ರಲ್ಲಿ ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆ ಶುರುವಾಯಿತು. ಗ್ರಂಥಪಾಲಕರಿಗೆ ಅದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ವಿದೇಶದ ವಿದ್ವತ್ ಪತ್ರಿಕೆಗಳು ವಿಶ್ವವಿದ್ಯಾಲಯಗಳ ಸ್ವತ್ತು. ತಾಲ್ಲೂಕಿನ ಕಾಲೇಜೊಂದು ವರ್ಷಕ್ಕೆ ಕೆಲವು ಸಾವಿರ ಕಟ್ಟಿದರೆ ಸಾವಿರಾರು ಪತ್ರಿಕೆ, ಲಕ್ಷದ ಹತ್ತಿರ ಇ-ಪುಸ್ತಕ ಸಿಗುವಂತಾಯಿತು. ವಿದ್ಯಾರ್ಥಿ ಮನೆಯಿಂದಲೇ ಯೂಸರ್ ಐಡಿ, ಪಾಸ್‌ವರ್ಡ್ ಹಾಕಿ ಓದಬಹುದು. ಯೋಜನೆ ಮಾಡಿದವರಿಗೆ ನಾನು ಋಣಿ. ಅದರ ಜೊತೆಗೇ ಇನ್ನೊಂದು ಬದಲಾವಣೆ ಬಂದದ್ದು ಮಾತ್ರ ಗಮನಕ್ಕೆ ಬರಲಿಲ್ಲ. ಕಾಗದದ ಸಂಪುಟವನ್ನು ಕಪಾಟಿನಿಂದ ತೆಗೆದು ಯಾರ ಮುಂದೆ ಇಡಬೇಕೆಂದು ತೀರ್ಮಾನಿಸುತ್ತಿದ್ದವನು ಗ್ರಂಥಪಾಲಕ. ಪಾಸ್‌ವರ್ಡ್ ಬಂದ ಮೇಲೆ ಆ ತೀರ್ಮಾನ ಒಪ್ಪಂದದ ಕಾಗದಕ್ಕೆ ಹೋಯಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಪಾಸ್‌ವರ್ಡ್ ಕೊಡಬೇಕು, ಬೇರೆಯವರಿಗೆ ಕೊಟ್ಟರೆ ನಿಯಮ ಮೀರಿದಂತೆ.

ಇದು ನನಗೆ ತಟ್ಟಿದ್ದು ನಮ್ಮೂರಿನ ಒಬ್ಬ ಗೈಡ್‌ನಿಂದ. ಐಹೊಳೆಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸಿ ಬದುಕುವವರಲ್ಲಿ ನಿಜವಾದ ಓದುಗರಿದ್ದಾರೆ. ಪುರಾತತ್ವ ಇಲಾಖೆಯ ಬೋರ್ಡಿನಲ್ಲಿರುವುದನ್ನೇ ಮತ್ತೆ ಹೇಳಿದರೆ ಜನ ಕೇಳುವುದಿಲ್ಲ, ಹೊಸದು ಬೇಕು ಎಂದು ಇವರಿಗೆ ಗೊತ್ತು. ದುರ್ಗಾ ಗುಡಿಯ ಮೇಲೆ ಅಮೆರಿಕದ ವಿದ್ವಾಂಸರು ಬಹಳ ಬರೆದಿದ್ದಾರೆ. ಗ್ಯಾರಿ ಟಾರ್ಟಕೋವ್ ಆ ಒಂದೇ ಗುಡಿಯ ಅಧ್ಯಯನಗಳ ಚರಿತ್ರೆಯ ಮೇಲೆ ಇಡೀ ಪುಸ್ತಕ ಬರೆದರು, 1997ರಲ್ಲಿ ಆಕ್ಸ್‌ಫರ್ಡ್‌ನವರು ಅಚ್ಚು ಮಾಡಿದರು. ಕ್ಯಾರಲ್ ಬೋಲನ್ 1985ರ ‘ಆರ್ಸ್ ಓರಿಯೆಂಟಾಲಿಸ್’ ಪತ್ರಿಕೆಯಲ್ಲಿ ದುರ್ಗಾ ಗುಡಿಯ ಶಿಲ್ಪಗಳನ್ನು ಈಗಿನ ತೆಲಂಗಾಣದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯ ಶಿಲ್ಪಗಳ ಜೊತೆ ಇಟ್ಟು ನೋಡಿದರು. ಗೈಡ್‌ಗೆ ಆ ಲೇಖನ ಬೇಕಿತ್ತು. ಯಾರೋ ಪ್ರವಾಸಿ ಅದರ ಹೆಸರು ಹೇಳಿದ್ದರಂತೆ. ಲೇಖನ ಜೆಸ್ಟೋರ್ ಎಂಬ ವಿದ್ವತ್ ಪತ್ರಿಕೆಗಳ ಆನ್‌ಲೈನ್ ಸಂಗ್ರಹದಲ್ಲಿತ್ತು. ಕಾಲೇಜಿನ ಪಾಸ್‌ವರ್ಡ್ ಇದ್ದವರಿಗೆ ತೆರೆಯುತ್ತಿತ್ತು. ‘ನಮ್ಮೂರ ಗುಡಿ ಮ್ಯಾಲ ಬರದಾರ್ರಿ ಸರ. ನಮಗ ಓದಾಕ ಸಿಗಂಗಿಲ್ಲಂದ್ರ ಹೆಂಗ್ರಿ?’ ಎಂದು ಅವರು ಕೇಳಿದರು. ಕೋಪದಿಂದಲ್ಲ, ತಿಳಿದುಕೊಳ್ಳಲು ಕೇಳಿದರು. ನಾನು ಆ ಲೇಖನವನ್ನು ನನ್ನ ಲಾಗಿನ್ನಿನಲ್ಲಿ ಓದಿ, ಮುಖ್ಯ ಮಾತುಗಳನ್ನು ಕನ್ನಡದಲ್ಲಿ ವಿವರಿಸಿದೆ. ಲೇಖನ ಅವರ ಕೈಗೆ ಹೋಗಲಿಲ್ಲ.

ಕೀಲ್‌ಹಾರ್ನ್‌ನ ಸಂಪುಟಕ್ಕೆ ಧಾರವಾಡದಲ್ಲಿ ನನಗೆ ಸಿಕ್ಕ ಕುರ್ಚಿ ಈ ಗೈಡ್‌ಗೆ ಸಿಗಲಿಲ್ಲ ಎಂಬುದೇ ನಾನು ಹೇಳಬೇಕಾದ ವಿಷಯ. ಆಗ ಕೊರತೆ ಇದ್ದದ್ದು ಪುಸ್ತಕದ್ದು, ದಾರಿಯದ್ದು. ಈಗ ಕೊರತೆ ಅನುಮತಿಯದ್ದು. ಅದನ್ನು ಸರಿಪಡಿಸಲು ಡ್ಯಾಮು ಕಟ್ಟಬೇಕಿಲ್ಲ. ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ, ಗ್ರಂಥಾಲಯದೊಳಗೆ ಬಂದು ಕೂತ ಯಾರೇ ಆಗಲಿ ಅಲ್ಲಿಯ ಕಂಪ್ಯೂಟರಿನಲ್ಲಿ ಓದಬಹುದು ಎಂಬ ಷರತ್ತನ್ನು ಸಾಮಾನ್ಯವಾಗಿ ಸೇರಿಸಿರುತ್ತವೆ. ಮನೆಗೆ ಪಾಸ್‌ವರ್ಡ್ ಇಲ್ಲ, ಒಳಗೆ ಕುರ್ಚಿ ಉಂಟು. ಅಮೆರಿಕದಲ್ಲಿ ಸರ್ಕಾರದ ಪ್ರಕಟಣೆಗಳನ್ನು ಉಚಿತವಾಗಿ ಪಡೆಯುವ ಡಿಪಾಸಿಟರಿ ಗ್ರಂಥಾಲಯಗಳಿವೆ, ಅವುಗಳಲ್ಲಿ ಬಹಳಷ್ಟು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳವು. ಆ ಪ್ರಕಟಣೆಗಳನ್ನು ಯಾವ ನಾಗರಿಕ ಬಂದು ಕೇಳಿದರೂ ತೋರಿಸಬೇಕೆಂದು ಅಲ್ಲಿ ಕಾನೂನೇ ಇದೆ. ಪ್ರಕಟಣೆಗಳು ಕಾಗದದಿಂದ ಇಂಟರ್‌ನೆಟ್ಟಿಗೆ ಹೋದಾಗ ಆ ಬಾಧ್ಯತೆ ಕಂಪ್ಯೂಟರಿಗೂ ಬಂತು. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಕಾಲೇಜಿನ ಗ್ರಂಥಾಲಯವನ್ನು ಮುಟ್ಟುವುದಿಲ್ಲ. ಆಸ್ತಿ ತೆರಿಗೆಯ ಜೊತೆ ಜನ ಕೊಡುವ ಗ್ರಂಥಾಲಯ ಕರ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗುತ್ತದೆ. ಕಾಲೇಜಿಗೆ ಬರುವುದೂ ಜನರದೇ ತೆರಿಗೆ, ಬೇರೆ ದಾರಿಯಿಂದ.

ಈಚೆಗೆ ಎಷ್ಟೋ ಬಾಗಿಲು ತೆರೆದಿವೆ, ಅದನ್ನೂ ಹೇಳಬೇಕು. ಮೊದಲು ಪಿಎಚ್‌.ಡಿ. ಪ್ರಬಂಧ ನೋಡಬೇಕೆಂದರೆ ಮಾರ್ಗದರ್ಶಕರ ಪತ್ರ ಹಿಡಿದು ವಿಶ್ವವಿದ್ಯಾಲಯದ ಕಪಾಟಿನ ಬೀಗ ತೆಗೆಸಬೇಕಿತ್ತು. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಯಾವ ಪಾಸ್‌ವರ್ಡೂ ಬೇಡ. ಬರ್ಜೆಸ್ 1874ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಗುಡಿಗಳ ಮೇಲೆ ಬರೆದ ವರದಿ, ಕಸಿನ್ಸ್ 1926ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ತಂದ ಪುಸ್ತಕ, ಎಪಿಗ್ರಾಫಿಯಾ ಇಂಡಿಕಾದ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸುಮ್ಮನೆ ಸಿಗುತ್ತವೆ. ಜೆಸ್ಟೋರ್ ಕೂಡ ಹೆಸರು ನೋಂದಾಯಿಸಿಕೊಂಡವರಿಗೆ ಹಲವಾರು ಲೇಖನಗಳನ್ನು ತೆರೆಯ ಮೇಲೆ ಓದಗೊಡುತ್ತದೆ. ಮೇಗುತಿಯ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ರವಿಕೀರ್ತಿಯ ಪಾಠ ಓದಬಹುದು, ನಾನು ಓದಿದ್ದೇನೆ. ಆದರೆ ಶಾಸನದ ಅಚ್ಚು ಪ್ರತಿಯ ದೊಡ್ಡ ಹಾಳೆಯನ್ನು ಅಂಗೈಯಗಲದ ಪರದೆಯಲ್ಲಿ ನೋಡಿ ಅಕ್ಷರ ಗುರುತಿಸಲು ಬರುವುದಿಲ್ಲ. ಕಸಿನ್ಸ್‌ನ ನಕ್ಷೆ ಬಿಡಿಸಿ ನೋಡಲು ದೊಡ್ಡ ಪರದೆ ಬೇಕು, ಮೇಜು ಬೇಕು, ಗದ್ದಲವಿಲ್ಲದ ಜಾಗ ಬೇಕು. ಮೊಬೈಲು ಬಂದ ಮೇಲೆ ಗ್ರಂಥಾಲಯದ ಕಂಪ್ಯೂಟರ್ ಯಾಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಅಲ್ಲ, ಇನ್ನೂ ಒಂದಿದೆ, ಅದೇ ಹೆಚ್ಚು ಮುಖ್ಯವಾದದ್ದು. ಡಿಗ್ರಿಯ ಪ್ರವೇಶ, ಪರೀಕ್ಷೆಯ ಅರ್ಜಿ, ಅಂಕಪಟ್ಟಿ ಈಗ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ. ವಿದ್ಯಾರ್ಥಿವೇತನ ಎಸ್‌ಎಸ್‌ಪಿಯಲ್ಲಿ. ಫೋಟೊ ಇಷ್ಟೇ ಕೆಬಿ ಇರಬೇಕು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಹೊಂದಬೇಕು, ಪಿಡಿಎಫ್ ಮಾಡಬೇಕು. ಮೊಬೈಲಿನಲ್ಲಿ ಇದನ್ನು ಮುಗಿಸುವುದು ಕಷ್ಟ. ನಮ್ಮ ವಿದ್ಯಾರ್ಥಿಗಳೇ ಅಮೀನಗಡದ, ಹುನಗುಂದದ ಝೆರಾಕ್ಸ್ ಅಂಗಡಿಗಳ ಮುಂದೆ ಸಾಲು ಹಚ್ಚುತ್ತಾರೆ. ಅಂಗಡಿಯವರು ಕೆಲಸ ಬಲ್ಲವರು, ತೆಗೆದುಕೊಳ್ಳುವ ದುಡ್ಡಿಗೆ ನನ್ನ ತಕರಾರಿಲ್ಲ. ಆದರೆ ಆಧಾರ್ ನಂಬರು, ಪಾಸ್‌ವರ್ಡು ಎಲ್ಲ ಅಂಗಡಿಯವರ ವಹಿಯಲ್ಲಿ ಕೂತಿರುತ್ತವೆ. ಎಷ್ಟೋ ಮಕ್ಕಳಿಗೆ ತಮ್ಮದೇ ಪಾಸ್‌ವರ್ಡ್ ಗೊತ್ತಿಲ್ಲ. ‘ಅಂಗಡಿ ಅಣ್ಣಾರ ಕಡೆ ಐತ್ರಿ ಸರ’ ಎನ್ನುತ್ತಾರೆ. ಪದವಿ ಓದುವ ಹುಡುಗಿ ತನ್ನ ಅರ್ಜಿಯನ್ನು ತಾನೇ ತುಂಬಲು ಕಲಿಯಬೇಕಾದ ಜಾಗ ಗ್ರಂಥಾಲಯ. ನಮ್ಮ ಕೋಣೆಯ ಯಂತ್ರಗಳು ಸಂಜೆ ಕ್ಲಾಸು ಮುಗಿದ ಮೇಲೆ ಖಾಲಿ ಇರುತ್ತವೆ. ನ್ಯಾಕ್ ಮೌಲ್ಯಮಾಪನದ ತಿಂಗಳು ಅವನ್ನೆಲ್ಲ ಒರೆಸಿ, ಎಷ್ಟು ವಿದ್ಯಾರ್ಥಿಗೆ ಒಂದು ಕಂಪ್ಯೂಟರ್ ಎಂದು ಲೆಕ್ಕ ಬರೆಯುತ್ತೇವೆ. ಎಷ್ಟು ಗಂಟೆ ಯಾರು ಕೂತರು ಎಂಬ ಲೆಕ್ಕ ಬರೆದರೆ ಕಾಲೇಜಿಗೆ ಅದಕ್ಕಿಂತ ಉಪಯೋಗ.

ಹಳ್ಳಿಗಳಲ್ಲಿ ಬದಲಾವಣೆ ಬೇರೆ ಕಡೆಯಿಂದ ಬಂದಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಬಹಳ ಕಡೆ ಕಂಪ್ಯೂಟರ್ ಬಂದಿವೆ, ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ಮುಟ್ಟುತ್ತಾರೆ. ಸದಸ್ಯತ್ವಕ್ಕೆ ಯಾವ ಕಾಲೇಜಿನ ಹೆಸರೂ ಬೇಕಿಲ್ಲ. ನಡೆಸುವವರಿಗೆ ಸಂಬಳ ಕಡಿಮೆ, ಕೆಲಸ ಹೆಚ್ಚು. ಅವರಿಂದ ಕಾಲೇಜಿನ ಗ್ರಂಥಪಾಲಕರು ಕಲಿಯುವುದಿದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆ, 6,300ಕ್ಕೂ ಹೆಚ್ಚು ಸಂಸ್ಥೆ. ಮೊದಲ ಹಂತ ಸರ್ಕಾರ ನಡೆಸುವ ಸಂಸ್ಥೆಗಳಿಗೆ. ನಮ್ಮ ಜಿಲ್ಲೆಯಲ್ಲಿ ಉನ್ನತ ಶಿಕ್ಷಣ ಕಟ್ಟಿದ್ದು ಬಹುಮಟ್ಟಿಗೆ ಸಂಘಗಳು, ಮಠಗಳು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು. ಆ ಹಳೆಯ ಕಾಲೇಜುಗಳು ಮೊದಲ ಹಂತದಲ್ಲಿ ಬರುವುದಿಲ್ಲ. ಮುಂದಿನ ಹಂತಗಳಲ್ಲಿ ಖಾಸಗಿ ಸಂಸ್ಥೆಗಳಿಗೆ, ಕೊನೆಗೆ ಗೊತ್ತುಪಡಿಸಿದ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲ ನಾಗರಿಕರಿಗೆ ಎಂಬ ಯೋಚನೆ ಇದೆ. ಕೊನೆಯ ಹಂತ ಎಂದು ಇಟ್ಟದ್ದನ್ನು ಮೊದಲ ಹಂತದಲ್ಲೇ, ಸಂಪರ್ಕ ಈಗಾಗಲೇ ಇರುವ ಪ್ರತಿ ಗ್ರಂಥಾಲಯದಲ್ಲೂ ಒಂದು ಕುರ್ಚಿಯಷ್ಟಾದರೂ ಮಾಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಪಟ್ಟದಕಲ್ಲಿನ ರೈತನೂ, ಬಾದಾಮಿಯ ಟಾಂಗಾ ಓಡಿಸುವವರ ಮಗನೂ ಸೋಪು ಕೊಂಡಾಗ ಕಟ್ಟಿದ ತೆರಿಗೆ ಆ 6,000 ಕೋಟಿಯಲ್ಲಿದೆ.

ಹೋದ ವರ್ಷ ಗ್ರಂಥಾಲಯ ಸಮಿತಿಗೆ ಒಂದು ಬರಹ ಕೊಟ್ಟೆ. ಎರಡು ಕಂಪ್ಯೂಟರ್ ಹೊರಗಿನವರಿಗೆ, ಮಧ್ಯಾಹ್ನ ಮೂರರಿಂದ ಆರರವರೆಗೆ. ಗುರುತಿನ ಚೀಟಿ ತೋರಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಕಾಲೇಜಿನ ನೆಟ್‌ವರ್ಕಿಗೆ ಸೇರದ ಬೇರೆ ಬ್ರಾಡ್‌ಬ್ಯಾಂಡ್ ಲೈನು, ಪ್ರತಿ ಸಲ ಮುಗಿದ ಮೇಲೆ ಬಳಸಿದವರ ವಿವರವೆಲ್ಲ ಯಂತ್ರದಿಂದ ಅಳಿಯುವ ವ್ಯವಸ್ಥೆ. ಶುಲ್ಕವಿಲ್ಲ, ಪ್ರಿಂಟಿಗೆ ಮಾತ್ರ ಕಾಗದದ ಬೆಲೆ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು ಸರದಿಯಲ್ಲಿ ಕೂತು ಅರ್ಜಿ ತುಂಬಲು ಸಹಾಯ ಮಾಡುತ್ತಾರೆ, ಅವರಿಗೆ ಅದಕ್ಕೆ ಪ್ರಮಾಣಪತ್ರ. ಸಮಿತಿಯಲ್ಲಿ ಹಳೆಯ ಪ್ರಶ್ನೆಯೇ ಬಂತು, ಈ ಸಲ ಉತ್ತರ ಕಾಗದದಲ್ಲೇ ಇತ್ತು. ವಾರದ ಆರು ದಿನಕ್ಕೆ ಕೇಳಿದ್ದೆ, ಶನಿವಾರಕ್ಕೆ ಒಪ್ಪಿದ್ದಾರೆ. ಮೊದಲ ಶನಿವಾರಗಳಲ್ಲಿ ಬಂದವರು ಹೆಚ್ಚಾಗಿ ವಿದ್ಯಾರ್ಥಿವೇತನದ ಅರ್ಜಿಯವರು, ಒಬ್ಬರು ಪಹಣಿ ತೆಗೆಸಲು ಬಂದ ಹಿರಿಯರು. ಐಹೊಳೆಯ ಗೈಡ್‌ಗೆ ಹೇಳಿ ಕಳಿಸಿದ್ದೇನೆ. ಶನಿವಾರ ಅವರಿಗೆ ಪ್ರವಾಸಿಗರ ದಿನ, ಬರಲಾಗುವುದಿಲ್ಲ. ಹಾಗಾಗಿ ಈ ವರ್ಷದ ಸಭೆಗೆ ನಾನು ಬುಧವಾರವನ್ನೂ ಕೇಳಿ ಬರೆದಿದ್ದೇನೆ.